ಹೊಸ ಕೆಲಸದ ಹುಡುಕಾಟ ಈಗಿನ ಕಚೇರಿಯ ಕಿವಿಗೆ ಬೀಳದಂತೆ

ಪ್ರಶ್ನೆ: ನಾನು ದಾವಣಗೆರೆಯವನು. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷಗಳಿಂದ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ವಾರದಲ್ಲಿ ಮೂರು ದಿನ ಕಚೇರಿ, ಎರಡು ದಿನ ಮನೆಯಿಂದ ಕೆಲಸ. ಬೇರೆ ಕಡೆ ಪ್ರಯತ್ನಿಸಬೇಕೆಂದಿದ್ದೇನೆ, ಆದರೆ ಭಯವಿದೆ. ಕಳೆದ ವರ್ಷ ನಮ್ಮ ತಂಡದ ಒಬ್ಬರ ನೌಕರಿ ಡಾಟ್ ಕಾಮ್ ಪ್ರೊಫೈಲ್ ಮ್ಯಾನೇಜರ್ ಕಣ್ಣಿಗೆ ಬಿದ್ದು, ಅವರಿಗೆ ಬರಬೇಕಿದ್ದ ಬಡ್ತಿ ತಪ್ಪಿಹೋಯಿತು. ನನ್ನ ಬಳಿ ಸ್ವಂತ ಕಂಪ್ಯೂಟರ್ ಇಲ್ಲ. ಕಚೇರಿಯ ಲ್ಯಾಪ್‌ಟಾಪ್‌ನಿಂದಲೇ ರಾತ್ರಿ ಹೊತ್ತು, ಮನೆಯ ವೈಫೈ ಬಳಸಿ ಅರ್ಜಿ ಹಾಕಿದರೆ ಅವರಿಗೆ ಗೊತ್ತಾಗುತ್ತದೆಯೇ? ಒಂದು ತರಬೇತಿಗಾಗಿ ಎರಡು ವರ್ಷದ ಬಾಂಡ್‌ಗೆ ಸಹಿ ಮಾಡಿದ್ದೇನೆ, ನೋಟಿಸ್ ಅವಧಿ 90 ದಿನ. ಮ್ಯಾನೇಜರ್ ನೇರವಾಗಿ ಕೇಳಿಬಿಟ್ಟರೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಬೆರೆತುಹೋಗಿವೆ. ತಪ್ಪು ಮಾಡುತ್ತಿದ್ದೇನೆಯೋ ಎಂಬುದು ಒಂದು, ಸಿಕ್ಕಿಬೀಳುತ್ತೇನೆಯೋ ಎಂಬುದು ಇನ್ನೊಂದು. ಮೊದಲನೆಯದನ್ನು ಬಗೆಹರಿಸಿಕೊಳ್ಳದೆ ಎರಡನೆಯದಕ್ಕೆ ಉಪಾಯ ಹುಡುಕಲು ಹೊರಟವರು ವಿನಾಕಾರಣ ಕಳ್ಳರಂತೆ ನಡೆದುಕೊಳ್ಳತೊಡಗುತ್ತಾರೆ, ಮತ್ತು ಆ ನಡವಳಿಕೆಯೇ ಸುತ್ತಲಿನವರಲ್ಲಿ ಅನುಮಾನ ಹುಟ್ಟಿಸುತ್ತದೆ. ಹಲವು ವರ್ಷ ಎಚ್‌ಆರ್ ವಿಭಾಗದಲ್ಲಿ ಮೇಜಿನ ಆಚೆ ಬದಿಗೆ ಕುಳಿತಿದ್ದವನಾಗಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಕಂಪನಿಯಲ್ಲಿ ಸಂಬಳ ಪಡೆಯುತ್ತಿರುವಾಗ ಇನ್ನೊಂದು ಕಂಪನಿಗೆ ಅರ್ಜಿ ಹಾಕುವುದು ಕಾನೂನಿನ ದೃಷ್ಟಿಯಲ್ಲಿ ತಪ್ಪಲ್ಲ. ಎರಡು ಕಡೆ ಏಕಕಾಲಕ್ಕೆ ದುಡಿಯುವುದು ಬೇರೆಯೇ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅವರು, ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ಹೇಳಿದ ಮೇಲೆ ಮೂನ್‌ಲೈಟಿಂಗ್ ಎಂಬ ಪದ ಮನೆಮಾತಾಯಿತು. ಆ ಗದ್ದಲದಲ್ಲಿ ಬರೇ ಅರ್ಜಿ ಹಾಕುವವರೂ ತಾವು ಅದೇ ಸಾಲಿಗೆ ಸೇರಿದವರೆಂದು ಅಂಜತೊಡಗಿದರು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನ ಉದ್ಯೋಗಕ್ಕೆ ತಡೆಯೊಡ್ಡುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ಸುಪ್ರೀಂ ಕೋರ್ಟ್ 1967ರ ಮತ್ತು 1980ರ ತೀರ್ಪುಗಳಿಂದ ಈ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿದೆ: ನೌಕರಿಯಲ್ಲಿರುವಷ್ಟು ಕಾಲ ಬೇರೆಯವರಿಗೆ ದುಡಿಯಬಾರದೆಂಬ ಷರತ್ತು ನಿಲ್ಲುತ್ತದೆ, ಬಿಟ್ಟ ಮೇಲೆ ಎಲ್ಲಿ ಸೇರಬಾರದೆಂದು ಕಟ್ಟುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ನಿಮ್ಮ ಬಾಂಡನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ನೌಕರನ ಪರವಾಗಿ ಆದೇಶಿಸಿದ್ದರೂ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಅದು ಸರ್ಕಾರಿ ವಲಯದ ಬ್ಯಾಂಕಿನ ಮೊಕದ್ದಮೆ, ನಿಮ್ಮದಕ್ಕೆ ಹಾಗೆಯೇ ಅನ್ವಯಿಸಬೇಕೆಂದಿಲ್ಲ. ಆದರೂ ಬಾಂಡಿನ ಮೊತ್ತ ಎಷ್ಟು, ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂಬುದನ್ನು ಮೊದಲ ಅರ್ಜಿಗಿಂತ ಮುಂಚೆ ಓದಿ ಗುರುತು ಹಾಕಿಕೊಳ್ಳಿ. ಆ ಮೊತ್ತವನ್ನು ಹೊಸ ಕಂಪನಿ ಭರಿಸುತ್ತದೆಯೇ ಎಂದು ಸಂಬಳದ ಮಾತುಕತೆಯಲ್ಲಿ ಕೇಳುವುದು ವಾಡಿಕೆಯಲ್ಲಿದೆ, ಅದಕ್ಕೆ ಸಂಕೋಚಪಡಬೇಕಾಗಿಲ್ಲ.

ಹಾಗಾದರೆ ಕಂಪನಿಗೆ ನಿಮ್ಮ ಮೇಲೆ ಕ್ರಮ ಕೈಗೊಳ್ಳಲು ಆಧಾರ ಸಿಗುವುದು ಯಾವಾಗ? ಅವರ ಸಮಯವನ್ನೋ ಸಾಮಗ್ರಿಯನ್ನೋ ಮಾಹಿತಿಯನ್ನೋ ಈ ಹುಡುಕಾಟಕ್ಕೆ ಬಳಸಿದಾಗ. ಈ ಮೂರರಿಂದ ದೂರ ಉಳಿದರೆ, ವಿಷಯ ಹೊರಬಿದ್ದರೂ ಅದು ಮ್ಯಾನೇಜರ್‌ನ ಮುನಿಸಾಗಿಯೇ ಉಳಿಯುತ್ತದೆ, ಶಿಸ್ತುಕ್ರಮದ ಕಾಗದವಾಗುವುದಿಲ್ಲ. ಮುನಿಸಿನಿಂದ ಬಡ್ತಿ ತಪ್ಪುವುದನ್ನು ಯಾವ ಕಾಯ್ದೆಯೂ ಸುಲಭವಾಗಿ ತಡೆಯಲಾರದು ಎಂಬುದು ನಿಮ್ಮ ಸಹೋದ್ಯೋಗಿಯ ಅನುಭವದಿಂದ ನಿಮಗೇ ತಿಳಿದಿದೆ. ಹಾಗಾಗಿ ಗುಟ್ಟನ್ನೂ ಕಾಯ್ದುಕೊಳ್ಳಬೇಕು, ಆದರೆ ಗುಟ್ಟು ಕಾಯುವುದಕ್ಕಿಂತ ಮೊದಲು ಗೆರೆ ಎಳೆದುಕೊಳ್ಳಬೇಕು.

ಲ್ಯಾಪ್‌ಟಾಪ್ ವಿಷಯಕ್ಕೆ ಬರೋಣ. ವೈಫೈ ನಿಮ್ಮ ಮನೆಯದಾದ ಮಾತ್ರಕ್ಕೆ ಯಂತ್ರ ನಿಮ್ಮದಾಗುವುದಿಲ್ಲ. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ನಿರ್ವಹಣೆಯ ಮತ್ತು ಭದ್ರತೆಯ ತಂತ್ರಾಂಶಗಳು ಯಂತ್ರದೊಳಗೇ ಕೆಲಸ ಮಾಡುತ್ತಿರುತ್ತವೆ. ಯಾವ ಜಾಲತಾಣಕ್ಕೆ ಹೋದಿರಿ, ಯಾವ ಕಡತವನ್ನು ಎಲ್ಲಿಗೆ ಏರಿಸಿದಿರಿ, ಯಾವ ಪೆನ್ ಡ್ರೈವ್ ಸಿಕ್ಕಿಸಿದಿರಿ ಎಂಬುದನ್ನು ಅವು ಯಾವ ಜಾಲದಲ್ಲಿದ್ದರೂ ದಾಖಲಿಸಬಲ್ಲವು. ಯಂತ್ರವನ್ನು ಕಚೇರಿಯ ಜಾಲಕ್ಕೆ ಕೊಂಡಿ ಹಾಕುವ ವಿಪಿಎನ್ ತಾನಾಗಿಯೇ ಜೋಡಣೆಗೊಳ್ಳುವ ವ್ಯವಸ್ಥೆಯಿದ್ದರೆ ನಿಮ್ಮ ಮನೆಯ ವೈಫೈಯೂ ಕಚೇರಿಯ ಜಾಲದ ಬಾಲವಷ್ಟೇ. ಇನ್‌ಕಾಗ್ನಿಟೊ ಕಿಟಕಿ ಮಾಡುವುದು ಬ್ರೌಸರ್‌ನಲ್ಲಿ ಇತಿಹಾಸ ಉಳಿಯದಂತೆ ನೋಡಿಕೊಳ್ಳುವ ಕೆಲಸ ಮಾತ್ರ, ಈ ತಂತ್ರಾಂಶಗಳ ಕಣ್ಣಿಗೆ ಅದು ಪರದೆಯೇ ಅಲ್ಲ.

ಯಾರೋ ಒಬ್ಬರು ಕುಳಿತು ದಿನವೂ ನಿಮ್ಮ ಪರದೆಯನ್ನು ನೋಡುತ್ತಿರುತ್ತಾರೆ ಎಂದು ಇದರ ಅರ್ಥವಲ್ಲ. ಬಹುತೇಕ ಕಂಪನಿಗಳಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇಲ್ಲ. ದಾಖಲೆ ಸುಮ್ಮನೆ ಬಿದ್ದಿರುತ್ತದೆ, ಮುಂದೊಂದು ದಿನ ಬೇರಾವುದೋ ಕಾರಣಕ್ಕೆ ನಿಮ್ಮ ಹೆಸರು ಚರ್ಚೆಗೆ ಬಂದಾಗ ಅದನ್ನು ತೆಗೆದು ನೋಡುತ್ತಾರೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಆ ಮೊಕದ್ದಮೆಯ ತೀರ್ಪು ಮುಖ್ಯವಾಗಿ ಪ್ರಭುತ್ವದ ಎದುರು ನಾಗರಿಕನಿಗಿರುವ ಹಕ್ಕಿನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಕೂಡ, ಉದ್ಯೋಗದ ಉದ್ದೇಶಗಳಿಗೆ ಮತ್ತು ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಮಾಹಿತಿ ಬಳಸುವುದನ್ನು ನ್ಯಾಯಸಮ್ಮತ ಬಳಕೆಗಳ ಪಟ್ಟಿಯಲ್ಲಿ ಸೇರಿಸಿದೆ. ಸೇರಿದ ದಿನ ಓದದೆ ಸಹಿ ಮಾಡಿದ ಕಾಗದಗಳಲ್ಲಿ, ಯಂತ್ರದ ಮೇಲೆ ನಿಗಾ ಇಡಲು ನೀವೇ ಒಪ್ಪಿಗೆ ಕೊಟ್ಟಿರುವ ಸಾಧ್ಯತೆಯೂ ಹೆಚ್ಚು.

ನಾನು ಕಂಡ ಪ್ರಕರಣಗಳಲ್ಲಿ ಗುಟ್ಟು ಹೊರಬಿದ್ದದ್ದು ಇಂತಹ ನಿಗಾ ವ್ಯವಸ್ಥೆಗಿಂತ ಸಣ್ಣ ಅಜಾಗರೂಕತೆಯಿಂದ. ಒಬ್ಬ ಎಂಜಿನಿಯರ್ ತಂಡದ ಸಭೆಯಲ್ಲಿ ತನ್ನ ಪರದೆಯನ್ನು ಎಲ್ಲರಿಗೂ ತೋರಿಸುತ್ತಿದ್ದಾಗ, ತೆರೆದೇ ಇದ್ದ ವಾಟ್ಸಾಪ್ ವೆಬ್‌ನಿಂದ ನಾಳೆ ಹನ್ನೊಂದು ಗಂಟೆಗೆ ಎರಡನೇ ಸುತ್ತು ಎಂಬ ಸಂದೇಶ ಮೂಲೆಯಲ್ಲಿ ಜಿಗಿದು ಬಂತು. ಹನ್ನೆರಡು ಜನ ಓದಿದರು, ಯಾರೂ ಏನೂ ಅನ್ನಲಿಲ್ಲ, ಸಂಜೆಯೊಳಗೆ ಮಹಡಿಗೆಲ್ಲ ಗೊತ್ತಾಗಿತ್ತು. ಇನ್ನೊಬ್ಬಾಕೆ ಕಚೇರಿಯ ಮುದ್ರಕದಲ್ಲಿ ರೆಸ್ಯೂಮೆಗೆ ಆಜ್ಞೆ ಕೊಟ್ಟು, ಕಾಗದ ಸಿಕ್ಕಿಕೊಂಡದ್ದರಿಂದ ಹಾಗೆಯೇ ಬಿಟ್ಟು ಹೋದರು. ಮಧ್ಯಾಹ್ನ ಯಾರೋ ಕಾಗದ ಸರಿಪಡಿಸಿದಾಗ ಎರಡು ಪುಟ ಹೊರಗೆ ಬಂದವು.

ಆದ್ದರಿಂದ ಕಚೇರಿಯ ಯಂತ್ರ ಬೇಡವೇ ಬೇಡ. ಅರ್ಜಿ ಹಾಕುವುದು, ಪ್ರೊಫೈಲ್ ತಿದ್ದುವುದು, ಪತ್ರವ್ಯವಹಾರ ಇವೆಲ್ಲ ಮೊಬೈಲ್‌ನಲ್ಲೇ ಆಗುತ್ತವೆ. ಕಚೇರಿಯಲ್ಲಿದ್ದಾಗ ಅಲ್ಲಿನ ವೈಫೈ ಬಿಟ್ಟು ನಿಮ್ಮ ಸ್ವಂತ ಡೇಟಾ ಬಳಸಿ. ಕಚೇರಿಯ ಮೇಲ್ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿದ್ದರೆ, ಅದು ಪುಟ್ಟ ಬ್ರೀಫ್‌ಕೇಸ್ ಚಿಹ್ನೆಯ ವರ್ಕ್ ಪ್ರೊಫೈಲ್‌ನಲ್ಲಿದೆಯೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ಕಂಪನಿಯ ಹಿಡಿತ ಆ ಭಾಗಕ್ಕೆ ಸೀಮಿತ, ನಿಮ್ಮ ವೈಯಕ್ತಿಕ ಆ್ಯಪ್‌ಗಳೊಳಗೆ ಅವರಿಗೆ ಪ್ರವೇಶವಿಲ್ಲ. ಕಂಪನಿ ಬಿಲ್ ಕಟ್ಟುವ ಸಿಮ್ ಕಾರ್ಡಿನ ಸಂಖ್ಯೆಯನ್ನು ರೆಸ್ಯೂಮೆಯಲ್ಲಿ ಕೊಡಬೇಡಿ. ಲ್ಯಾಪ್‌ಟಾಪ್ ಬೇಕೇಬೇಕಾಗುವುದು ಆನ್‌ಲೈನ್ ಪರೀಕ್ಷೆಗೆ. ಪರೀಕ್ಷೆಯ ಮೇಲ್ವಿಚಾರಣೆಯ ತಂತ್ರಾಂಶವನ್ನು ಕಚೇರಿಯ ಯಂತ್ರದಲ್ಲಿ ಹಾಕಲು ಹೋದರೆ ಸಾಮಾನ್ಯವಾಗಿ ಅನುಮತಿಯೇ ಸಿಗುವುದಿಲ್ಲ, ಸಾಲದ್ದಕ್ಕೆ ಭದ್ರತಾ ವಿಭಾಗಕ್ಕೆ ಎಚ್ಚರಿಕೆಯೂ ಹೋಗಬಹುದು. ತಮ್ಮನದೋ ಗೆಳೆಯನದೋ ಲ್ಯಾಪ್‌ಟಾಪನ್ನು ಅರ್ಧ ದಿನಕ್ಕೆ ಕೇಳಿ ಪಡೆಯಿರಿ, ಇಲ್ಲವೇ ಹಳೆಯದೊಂದನ್ನು ಕೊಳ್ಳಿ. ಸಂಬಳ ಹೆಚ್ಚಲೆಂದೇ ಕೆಲಸ ಬದಲಿಸುವವರು ಈ ಖರ್ಚಿಗೆ ಹಿಂದೆಮುಂದೆ ನೋಡುವುದು ನನಗೆ ಸದಾ ಸೋಜಿಗದ ಸಂಗತಿ.

ದಾಖಲೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಹೊಸ ಕಂಪನಿ ಕಳೆದ ಮೂರು ತಿಂಗಳ ಪೇಸ್ಲಿಪ್, ನೇಮಕಾತಿ ಪತ್ರ, ಕೊನೆಯ ಇನ್‌ಕ್ರಿಮೆಂಟ್ ಪತ್ರ, ಫಾರ್ಮ್ 16 ಇಂತಹವನ್ನು ಕೇಳುತ್ತದೆ. ಇವು ನಿಮ್ಮವೇ. ವೇತನದ ಪೋರ್ಟಲ್ ನಿಮ್ಮ ಫೋನಿನಿಂದಲೇ ತೆರೆಯುವಂತಿದ್ದರೆ ಈ ತಿಂಗಳಿಂದಲೇ ಒಂದೊಂದಾಗಿ ಇಳಿಸಿಟ್ಟುಕೊಳ್ಳುವ ಅಭ್ಯಾಸ ಮಾಡಿ. ಆರು ವರ್ಷದ ಕಾಗದಗಳನ್ನು ಒಂದೇ ಮಧ್ಯಾಹ್ನ ಕಚೇರಿಯ ಮೇಲ್‌ನಿಂದ ಜಿಮೇಲ್‌ಗೆ ಕಳುಹಿಸಿದರೆ ಅದು ಮಾಹಿತಿ ಸೋರಿಕೆ ತಡೆಯುವ ವ್ಯವಸ್ಥೆಯ ಗಂಟೆ ಬಾರಿಸುತ್ತದೆ. ನೀವು ಬರೆದ ಟೆಸ್ಟ್ ಸ್ಕ್ರಿಪ್ಟುಗಳು, ಗ್ರಾಹಕ ಕಂಪನಿಗಳ ವಿವರ, ದೋಷಪಟ್ಟಿಗಳು ಮಾತ್ರ ನಿಮ್ಮವಲ್ಲ. ರಾತ್ರಿಯೆಲ್ಲ ಕೂತು ಬರೆದದ್ದು ನಾನೇ ತಾನೆ ಎಂದು ಅನ್ನಿಸುವುದು ಸಹಜ, ಆದರೆ ಅನುಮತಿಯಿಲ್ಲದೆ ನಕಲು ಮಾಡಿಕೊಂಡರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳವರೆಗೂ ವಿಷಯ ಹೋಗಬಹುದು. ಸಂದರ್ಶನದಲ್ಲೂ ಗ್ರಾಹಕರ ಹೆಸರು ಹೇಳದೆ, ಯೂರೋಪಿನ ಒಂದು ಬ್ಯಾಂಕಿನ ಪಾವತಿ ವ್ಯವಸ್ಥೆ ಎಂಬಷ್ಟರಲ್ಲೇ ವಿವರಿಸಿ. ನಿಮ್ಮ ಮಾತು ಕೇಳುವವರು ಇದನ್ನು ಗಮನಿಸುತ್ತಾರೆ. ಹಳೆಯ ಮನೆಯ ಮಾತನ್ನು ಇಲ್ಲಿ ಆಡಿದವರು ನಾಳೆ ಇಲ್ಲಿನದನ್ನೂ ಆಡುತ್ತಾರೆಂಬ ಲೆಕ್ಕ ಅವರದು.

ಈಗ ನಿಮ್ಮ ಸಹೋದ್ಯೋಗಿಯ ಬಡ್ತಿಯನ್ನು ನುಂಗಿದ ಸಂಗತಿ. ನೌಕರಿ ಡಾಟ್ ಕಾಮ್‌ನ ರೆಸ್ಯೂಮೆ ಭಂಡಾರವನ್ನು ಹಣ ಕೊಟ್ಟು ಬಳಸುವವರಲ್ಲಿ ನಿಮ್ಮ ಕಂಪನಿಯ ನೇಮಕಾತಿ ತಂಡವೂ ಇರುವ ಸಾಧ್ಯತೆ ಹೆಚ್ಚು. ಆರು ವರ್ಷ ಅನುಭವದ ಟೆಸ್ಟರ್ ಬೇಕೆಂದು ಅವರು ಹುಡುಕಿದಾಗ, ಅದೇ ವಿವರಕ್ಕೆ ಹೊಂದುವ ಅವರದೇ ನೌಕರರು ಸಾಲಾಗಿ ಕಾಣಿಸುತ್ತಾರೆ, ಕೊನೆಯ ಬಾರಿ ಯಾವಾಗ ಪ್ರೊಫೈಲ್ ತೆರೆದರು ಎಂಬುದರ ಸಮೇತ. ಹೀಗೆ ತಿಳಿಯುವುದಕ್ಕೆ ಯಾರೂ ಪತ್ತೇದಾರಿ ಮಾಡಬೇಕಾಗಿಲ್ಲ. ಇದಕ್ಕೆ ಆ ತಾಣದಲ್ಲೇ ಪರಿಹಾರವಿದೆ: ಸೆಟ್ಟಿಂಗ್ಸ್‌ನಲ್ಲಿ ನಿರ್ದಿಷ್ಟ ಕಂಪನಿಗಳಿಗೆ ನಿಮ್ಮ ಪ್ರೊಫೈಲ್ ಕಾಣದಂತೆ ತಡೆ ಹಾಕಬಹುದು. ಹಾಕುವಾಗ ಕಂಪನಿಯ ಚಾಲ್ತಿಯ ಹೆಸರಿನ ಜೊತೆಗೆ ಅದರ ನೋಂದಾಯಿತ ಹೆಸರು, ಸೋದರ ಸಂಸ್ಥೆಗಳು, ಈಚೆಗೆ ಕೊಂಡುಕೊಂಡ ಕಂಪನಿಗಳು ಎಲ್ಲವನ್ನೂ ಸೇರಿಸಿ. ಇಷ್ಟಾದರೂ ಒಂದು ಕಿಂಡಿ ಉಳಿದೇ ಉಳಿಯುತ್ತದೆ. ನಿಮ್ಮ ಕಂಪನಿಗೆ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಯವರು ತಮ್ಮ ಹೆಸರಿನಲ್ಲಿ ಒಳಗೆ ಬರುತ್ತಾರೆ, ನಿಮ್ಮ ತಡೆ ಅವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಪ್ರೊಫೈಲನ್ನು ನೇಮಕಾತಿದಾರರಿಗೆ ಕಾಣದಂತೆ ಇಟ್ಟು, ಬೇಕಾದ ಕಂಪನಿಗಳಿಗೆ ಅವರದೇ ಜಾಲತಾಣದ ಮೂಲಕ ನೀವಾಗಿಯೇ ಅರ್ಜಿ ಹಾಕುವುದು ನಿಧಾನವಾದರೂ ಹೆಚ್ಚು ಭದ್ರ. ಕನ್ಸಲ್ಟೆನ್ಸಿಯವರು ಕರೆ ಮಾಡಿದರೆ, ನನ್ನ ಒಪ್ಪಿಗೆಯಿಲ್ಲದೆ ಯಾವ ಕಂಪನಿಗೂ ನನ್ನ ರೆಸ್ಯೂಮೆ ಕಳುಹಿಸಬೇಡಿ ಎಂದು ಮೇಲ್‌ನಲ್ಲಿ ಬರೆದು ತಿಳಿಸಿ. ಕಂಪನಿಯ ಹೆಸರು ಹೇಳಲೊಪ್ಪದೆ ರೆಸ್ಯೂಮೆ ಮಾತ್ರ ಕೇಳುವವರಿಗೆ ಕೊಡಲೇಬೇಡಿ. ಆ ಹೆಸರಿಲ್ಲದ ಕಂಪನಿ ರೆಸ್ಯೂಮೆ ಕೊಟ್ಟವರದೇ ಆಗಿದ್ದ ಪ್ರಸಂಗವನ್ನು ನಾನು ನೋಡಿದ್ದೇನೆ.

ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿದ್ದೇನೆಂದು ಸಾರಲು ಭಾವಚಿತ್ರದ ಸುತ್ತ ಬರುವ ಹಸಿರು ಪಟ್ಟಿ ಎಲ್ಲರಿಗೂ ಕಾಣುತ್ತದೆ. ನೇಮಕಾತಿದಾರರಿಗೆ ಮಾತ್ರ ಕಾಣುವ ಆಯ್ಕೆಯೂ ಇದೆ, ಅದರಲ್ಲಿ ನಿಮ್ಮ ಕಂಪನಿಯವರಿಗೆ ಕಾಣದಂತೆ ಮಾಡುವ ಪ್ರಯತ್ನವಿರುತ್ತದೆ. ಆದರೆ ಪೂರ್ಣ ಗೋಪ್ಯತೆಗೆ ತಾನು ಖಾತರಿ ಕೊಡಲಾರೆನೆಂದು ಲಿಂಕ್ಡ್‌ಇನ್ ತಾನೇ ಹೇಳಿಕೊಂಡಿದೆ. ಪ್ರೊಫೈಲ್ ತಿದ್ದುವ ಮೊದಲು, ಬದಲಾವಣೆಗಳನ್ನು ಸಂಪರ್ಕದಲ್ಲಿರುವವರಿಗೆ ತಿಳಿಸುವ ಗುಂಡಿಯನ್ನು ಆಫ್ ಮಾಡಿ. ಎರಡು ವರ್ಷ ಮುಟ್ಟದೆ ಬಿಟ್ಟಿದ್ದ ಪುಟವನ್ನು ಒಂದೇ ಭಾನುವಾರ ಮದುವೆ ಮನೆಯಂತೆ ಸಿಂಗರಿಸಬೇಡಿ, ಸಹೋದ್ಯೋಗಿಗಳಿಂದ ಒಮ್ಮೆಲೇ ನಾಲ್ಕಾರು ಶಿಫಾರಸುಗಳನ್ನು ಕೇಳಬೇಡಿ. ಖಾತೆಗೆ ಜೋಡಿಸಿರುವ ಇಮೇಲ್ ಕಚೇರಿಯದಾಗಿದ್ದರೆ ಇವತ್ತೇ ಬದಲಿಸಿ. ಇಲ್ಲದಿದ್ದರೆ ನಿಮಗೆ ಬರುವ ಸಂದೇಶಗಳ ಸೂಚನೆ ಕಚೇರಿಯ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ, ಕೆಲಸ ಬಿಟ್ಟ ದಿನ ಖಾತೆಯ ಬೀಗದ ಕೈಯೂ ಕಂಪನಿಯಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಮನುಷ್ಯರಿಂದ. ಬೆಂಗಳೂರು ಎಷ್ಟೇ ದೊಡ್ಡದೆನಿಸಿದರೂ ಒಂದು ಕಸುಬಿನವರ ಮಟ್ಟಿಗೆ ಅದು ಸಣ್ಣ ಊರೇ. ನಿಮ್ಮ ಮ್ಯಾನೇಜರ್‌ನ ಹಳೆಯ ಗೆಳೆಯ ನೀವು ಹೋಗುವ ಕಂಪನಿಯಲ್ಲಿರುತ್ತಾನೆ, ಮಾರತ್‌ಹಳ್ಳಿಯ ಪಿಜಿಯಲ್ಲಿ ನಿಮ್ಮ ಜೊತೆಗಿದ್ದವನು ಅಲ್ಲಿನ ಎಚ್‌ಆರ್ ಆಗಿರುತ್ತಾನೆ. ಅದೇ ತಂಡದಲ್ಲಿರುವ ಆಪ್ತರಿಗೆ ಹೇಳುವುದಾದರೆ, ಅದು ಅವರ ಮೇಲೆ ಹೊರಿಸುವ ಭಾರವೆಂಬುದು ನೆನಪಿರಲಿ: ಮುಂದಿನ ಯೋಜನೆಗೆ ನಿಮ್ಮ ಹೆಸರನ್ನು ಸೇರಿಸುವ ಸಭೆಯಲ್ಲಿ ಅವರು ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ. ನನ್ನ ಸಲಹೆ, ಆಫರ್ ಲೆಟರ್ ಕೈಗೆ ಬರುವವರೆಗೆ ಸದ್ಯದ ಕಚೇರಿಯಲ್ಲಿ ಯಾರಿಗೂ ಹೇಳಬೇಡಿ. ಪರಿಚಯ ಹೇಳುವವರ ಹೆಸರು ಕೇಳಿದರೆ ಈ ಕಂಪನಿಯನ್ನು ಆಗಲೇ ಬಿಟ್ಟು ಹೋಗಿರುವ ಹಿರಿಯರೊಬ್ಬರನ್ನು, ಅವರ ಅನುಮತಿ ಪಡೆದು, ಸೂಚಿಸಿ. ಹೊಸ ಕಂಪನಿಯಲ್ಲಿರುವ ಗೆಳೆಯನ ಮೂಲಕ ರೆಫರಲ್ ಪಡೆಯುವುದು ಒಳ್ಳೆಯ ದಾರಿಯೇ, ಆದರೆ ನಿಮ್ಮ ರೆಸ್ಯೂಮೆಯನ್ನು ಆತ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹಾಕದಂತೆ ಮೊದಲೇ ಹೇಳಿಬಿಡಿ.

ಸಂದರ್ಶನಕ್ಕೆ ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ, ಅಥವಾ ಶನಿವಾರದ ಸಮಯ ಕೇಳಿ. ಈಗ ನೌಕರಿಯಲ್ಲಿದ್ದೇನೆ, ಕೆಲಸದ ವೇಳೆಯಲ್ಲಿ ಬರಲಾರೆ ಎಂದರೆ ಗಂಭೀರವಾಗಿ ನೇಮಿಸಿಕೊಳ್ಳುವವರು ಬೇಸರಪಡುವುದಿಲ್ಲ. ಮನೆಯಿಂದ ಕೆಲಸ ಮಾಡುವ ದಿನ ಒಂದು ಗಂಟೆ ಕದ್ದು ಸಂದರ್ಶನ ಮುಗಿಸುವ ಆಸೆ ಬರುತ್ತದೆ. ಆ ಹೊತ್ತು ಕೂಡ ಸಂಬಳದ ಹೊತ್ತೇ, ಮತ್ತು ಎಲ್ಲಿದ್ದೀರಿ ಎಂದು ತಂಡದವರು ಕರೆ ಮಾಡುವುದು ಸರಿಯಾಗಿ ಆಗಲೇ. ಅರ್ಧ ದಿನ ರಜೆ ಹಾಕಿ, ಕಾರಣದ ಜಾಗದಲ್ಲಿ ವೈಯಕ್ತಿಕ ಕೆಲಸವೆಂದು ಬರೆಯಿರಿ. ಜ್ವರವೆಂದೋ, ಊರಿನಲ್ಲಿ ಅಜ್ಜಿಗೆ ಹುಷಾರಿಲ್ಲವೆಂದೋ ಬರೆದರೆ ಮರುದಿನ ಅಜ್ಜಿಯ ಯೋಗಕ್ಷೇಮ ಕೇಳುವವರಿಗೆಲ್ಲ ಮತ್ತೊಂದು ಕಥೆ ಕಟ್ಟಬೇಕಾಗುತ್ತದೆ. ಟೆಕ್ ಪಾರ್ಕಿನ ಕೆಳಗಿನ ಕಾಫಿ ಅಂಗಡಿ, ಕಚೇರಿಯ ಮೀಟಿಂಗ್ ರೂಮು, ಎಲ್ಲರೂ ಒಟ್ಟಿಗೆ ಬರುವ ಕ್ಯಾಬು ಇವು ಮೂರೂ ಇಂತಹ ಮಾತಿಗೆ ತಕ್ಕ ಜಾಗಗಳಲ್ಲ.

ಇನ್ನು ಹೊಸ ಕಂಪನಿ ನಡೆಸುವ ಹಿನ್ನೆಲೆ ಪರಿಶೀಲನೆ. ಅದರ ಅರ್ಜಿಯಲ್ಲಿ ಈಗಿನ ಮಾಲೀಕರನ್ನು ಸಂಪರ್ಕಿಸಬಹುದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸದ್ಯಕ್ಕೆ ಬೇಡ, ರಿಲೀವಿಂಗ್ ಆದ ಮೇಲೆ ಸಂಪರ್ಕಿಸಬಹುದು ಎಂದು ಬರೆಯಿರಿ, ಹೊಸ ಎಚ್‌ಆರ್‌ಗೆ ಮೇಲ್‌ನಲ್ಲೂ ಅದನ್ನೇ ತಿಳಿಸಿ. ಗಡಿಬಿಡಿಯಲ್ಲಿ ಹೌದು ಎಂಬ ಚೌಕಕ್ಕೆ ಗುರುತು ಹಾಕಿ, ರಾಜೀನಾಮೆಗೆ ಮೊದಲೇ ತಮ್ಮ ಕಂಪನಿಗೆ ವಿಚಾರಣೆಯ ಪತ್ರ ಬರುವಂತೆ ಮಾಡಿಕೊಂಡವರು ಕಡಿಮೆಯೇನಲ್ಲ. ಸೇರುವ ದಿನಾಂಕ, ಸಂಬಳ, ಹುದ್ದೆ ಸ್ಪಷ್ಟವಾಗಿ ಬರೆದ ಆಫರ್ ಲೆಟರ್ ಬರುವ ತನಕ ರಾಜೀನಾಮೆ ಕೊಡಬೇಡಿ, ಬಾಯಿಮಾತಿನ ಭರವಸೆಗಂತೂ ಕೊಡಲೇಬೇಡಿ. 90 ದಿನದ ನೋಟಿಸ್ ಇರುವುದನ್ನು ಮೊದಲ ಕರೆಯಲ್ಲೇ ಹೇಳಿ. ಹೊಸಬರ ಒತ್ತಾಯಕ್ಕೆ ಮಣಿದು ಹಳೆಯದು ಮುಗಿಯುವ ಮೊದಲೇ ಅಲ್ಲಿ ಹೆಸರು ಹಚ್ಚಿದರೆ, ಎರಡೂ ಕಡೆಯ ಭವಿಷ್ಯನಿಧಿ ಯುಎಎನ್ ಎಂಬ ಒಂದೇ ಖಾತೆ ಸಂಖ್ಯೆಯಡಿ ಜಮೆಯಾಗುವುದರಿಂದ ಸೇವೆಯ ದಿನಾಂಕಗಳು ಒಂದರ ಮೇಲೊಂದು ಬಿದ್ದಿರುವುದು ದಾಖಲೆಯಲ್ಲಿ ಎದ್ದು ಕಾಣುತ್ತದೆ.

ಕೊನೆಯದಾಗಿ, ಮ್ಯಾನೇಜರ್ ನೇರವಾಗಿ ಕೇಳಿದರೆ ಏನು ಹೇಳಬೇಕು? ಇಲ್ಲವೇ ಇಲ್ಲ ಎಂದು ಆಣೆ ಇಡುವುದನ್ನು ನಾನು ಒಪ್ಪುವುದಿಲ್ಲ. ಎರಡು ತಿಂಗಳ ನಂತರ ಅದೇ ವ್ಯಕ್ತಿಯ ಮುಂದೆ ರಾಜೀನಾಮೆ ಪತ್ರ ಇಡಬೇಕು, ಆ ಮೇಲೆ 90 ದಿನ ಅವರ ಕೈಕೆಳಗೇ ಇರಬೇಕು, ರಿಲೀವಿಂಗ್ ಪತ್ರಕ್ಕೆ ಅವರ ಒಪ್ಪಿಗೆಯೂ ಬೇಕಾಗಬಹುದು. ಹೌದು ಎಂದು ಎಲ್ಲವನ್ನೂ ಬಿಚ್ಚಿಡುವ ಬಾಧ್ಯತೆಯೂ ನಿಮಗಿಲ್ಲ. ಸರ್, ಮಾರುಕಟ್ಟೆಯಲ್ಲಿ ಏನಿದೆ ಎಂದು ಎಲ್ಲರಂತೆ ನಾನೂ ಆಗೀಗ ನೋಡುತ್ತಿರುತ್ತೇನೆ, ನಿರ್ಧಾರ ಮಾಡುವಂಥದ್ದೇನಾದರೂ ಇದ್ದರೆ ಮೊದಲು ನಿಮಗೇ ಹೇಳುತ್ತೇನೆ ಎಂದು ಶಾಂತವಾಗಿ ಹೇಳಿ, ನಂತರ ಮಾತನ್ನು ನಿಮ್ಮ ಬಡ್ತಿಯ ಕಡೆಗೋ ಮುಂದಿನ ಯೋಜನೆಯ ಕಡೆಗೋ ತಿರುಗಿಸಿ. ಪ್ರೊಫೈಲ್ ನೋಡಿಯೇ ಕೇಳುತ್ತಿದ್ದಾರೆಂದು ತಿಳಿದರೆ ಅದನ್ನು ಅಲ್ಲಗಳೆಯಬೇಡಿ. ಇಲ್ಲಿ ಏನು ಬದಲಾದರೆ ಉಳಿಯುತ್ತೀರಿ ಎಂದು ಅವರೇ ಮುಂದೆ ಕೇಳುವ ಸಾಧ್ಯತೆಯಿದೆ, ಅದಕ್ಕೆ ಕೊಡಬೇಕಾದ ಉತ್ತರವನ್ನು ಈಗಲೇ ಯೋಚಿಸಿಟ್ಟುಕೊಳ್ಳಿ. ಆಡಿದ ಮಾತಿನಂತೆ, ರಾಜೀನಾಮೆಯ ದಿನ ಎಚ್‌ಆರ್‌ಗೆ ಮೇಲ್ ಕಳುಹಿಸುವ ಮುನ್ನ ಹತ್ತು ನಿಮಿಷ ಅವರೊಡನೆ ಕುಳಿತು ನೀವೇ ವಿಷಯ ತಿಳಿಸಿ.